ಸಿಂದಗಿಯ ಫೋಟೊ ಪಂಚಾಯ್ತಿ

ನಮ್ಮ ಕೆಲಸಕ್ಕೆ ಊರಲ್ಲಿದ್ದ ಹೆಸರು ‘ಫೋಟೊ ತೊಳೆಯೋದು’. ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾದರ ಮಾಮಾ ಅವರ ಸ್ಟುಡಿಯೊ ಇತ್ತು. ಅದರ ಹಿಂಬದಿಯ ಕತ್ತಲೆ ಕೋಣೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಮಂದಿಯ ಫೋಟೊ ತೊಳೆದೆ. ಮದುವೆಯಾಗಿ ಬಂದ ಹೊಸತರಲ್ಲಿ ಯಾರಾದರೂ ಕೇಳಿದರೆ ನಮ್ಮ ಅತ್ತೆ, “ನಮ್ಮ ಕಸ್ತೂರಿ ತೊಳಿಯೋ ಕೆಲಸಕ್ಕ ಹೋಗ್ತಾಳ” ಎಂದುಬಿಡುತ್ತಿದ್ದರು. ಕೇಳಿದವರು ಭಾಂಡೆ-ಪಾತ್ರೆ ತೊಳೆಯುವ ಕೆಲಸ ಎಂದು ತಿಳಿದು, ನಮ್ಮ ಮನೆಗೂ ಬರಲಿ ಎಂದು ಹೇಳಿ ಕಳಿಸುತ್ತಿದ್ದರು.

ಕಳೆದ ವರ್ಷ ಕೆಲಸ ಬಿಟ್ಟೆ. ಈಗ ಅಂಗಡಿ ನೋಡಿಕೊಳ್ಳುವವಳು ಮಾಮಾ ಅವರ ಸೊಸೆ ಶಹನಾಜ. ಅವಳು ಹೊಸದಾಗಿ ಇಬ್ಬರು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾಳೆ. ಎಲ್ಲವನ್ನೂ ಮಷೀನೇ ಮಾಡುವಾಗ ಇದರಲ್ಲಿ ಕಲಿಯುವುದೇನಿದೆ ಎಂದು ಅವರಲ್ಲೊಬ್ಬಳು ಕೇಳಿದಳಂತೆ. ಶಹನಾಜ ಮನೆಗೆ ಬಂದು, ನಾನು ಹೇಳಿದರೆ ಅವರು ಕೇಳುವುದಿಲ್ಲ, ನೀವೇ ಬರೆದುಕೊಡಿ ಎಂದು ಕೂತಳು. ಅದಕ್ಕೆ ಬರೆಯುತ್ತಿದ್ದೇನೆ. ಮಷೀನಿನ ಬಗ್ಗೆ ಆ ಹುಡುಗಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಫೋಟೊ ತೊಳೆಸಲು ಬಂದ ಮಂದಿ, ಅದರಲ್ಲೂ ಮುಖ್ಯವಾಗಿ ನಾಲ್ಕು ಜನ.

ಮೊದಲು ನಾನು ಸೇರಿದ ದಿನದ ಮಾತು. ಖಾದರ ಮಾಮಾ ಎತ್ತರದ ಆಳು, ಕಡಿಮೆ ಮಾತು, ಕೈಗೆ ಸದಾ ಕೆಮಿಕಲ್ಲಿನ ವಾಸನೆ. ಕತ್ತಲಲ್ಲಿ ಕೂರಲು ಹೆದರಿಕೆಯೇ ಎಂದು ಕೇಳಿದರು. ಇಲ್ಲ ಎಂದೆ. ಕೆಂಪು ದೀಪದ ಕೆಳಗೆ ಬೂದು ಬಣ್ಣದ ಐದು ಕಾಗದದ ಪಟ್ಟಿ ಹರಡಿ, ತಿಳಿ ಬಣ್ಣದಿಂದ ಕಡು ಬಣ್ಣದವರೆಗೆ ಜೋಡಿಸು ಎಂದರು. ಇಂಡಿ ಊರಿನ ನನ್ನ ತವರಿನಲ್ಲಿ ಅವ್ವ ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆಯ ತುಂಡುಗಳನ್ನು ಬಣ್ಣ ನೋಡಿ ಜೋಡಿಸಿಕೊಡುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಪಟ್ಟಿಗಳನ್ನು ಒಂದೇ ಉಸಿರಿನಲ್ಲಿ ಜೋಡಿಸಿದೆ. ಮಾಮಾ ದೀಪ ಹಾಕಿ ಹಿಂದಿನ ಗುರುತು ನೋಡಿದರು. “ನಡುವಿನ ಎರಡು ನನಗೂ ತಪ್ಪತಾವು. ನಾಳಿಂದ ಬಾ ತಂಗಿ” ಎಂದರು.

ಆಗ ಎಲ್ಲ ಕಪ್ಪು ಬಿಳುಪು. ಫಿಲ್ಮಿನ ಮೂಲಕ ಬೆಳಕು ಬಿಟ್ಟು ಕಾಗದದ ಮೇಲೆ ಬೀಳಿಸಿ, ಆ ಕಾಗದವನ್ನು ಕೆಮಿಕಲ್ಲಿನ ತಟ್ಟೆಯಲ್ಲಿ ಅಲುಗಾಡಿಸಿದರೆ ಚಿತ್ರ ಮೇಲೇಳುತ್ತದೆ. ಆ ಕೆಮಿಕಲ್ ತಂಪಿರಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ನಲ್ಲಿ ನೀರು ಚಹಾ ಕಾಸಲು ಅರ್ಧ ಬಿಸಿಯಾಗಿಯೇ ಬರುತ್ತದೆ. ಮಾಮಾ ಮಣ್ಣಿನ ಹರವಿಗಳಿಗೆ ಒದ್ದೆ ಗೋಣಿ ಸುತ್ತಿ ಇಡುತ್ತಿದ್ದರು. ಸಾಲದಾದಾಗ ಐಸ್ ಕ್ಯಾಂಡಿ ಮಾಡುವವರಿಂದ ಐಸ್ ಗಡ್ಡೆ ತರಿಸಿ ತಟ್ಟೆಯ ಹೊರಗೆ ಇಡಬೇಕಿತ್ತು. ನಾನು ಮೊದಲ ಬೇಸಿಗೆಯಲ್ಲೇ ಗಡ್ಡೆಯನ್ನು ತಟ್ಟೆಯ ಒಳಗೇ ಹಾಕಿದೆ. ಕೆಮಿಕಲ್ ನೀರಾಯಿತು. ಪರೀಕ್ಷೆಗೆ ಅರ್ಜಿ ಹಾಕುವ ಮಕ್ಕಳ ಪಾಸ್‌ಪೋರ್ಟ್ ಫೋಟೊಗಳೆಲ್ಲ ಹಿಟ್ಟು ಬಳಿದುಕೊಂಡವರಂತೆ ಬಂದವು. ಮಾಮಾ ಬಯ್ಯಲಿಲ್ಲ. ಒಂದೊಂದನ್ನೇ ನನ್ನ ಕೈಗೆ ಕೊಟ್ಟು, ಈ ಹುಡುಗನ ತಾಯಿ ಇವನನ್ನು ಗುರುತು ಹಿಡಿಯುತ್ತಾಳೇನು ಎಂದು ಕೇಳುತ್ತ ಹೋದರು. ಹತ್ತನೆಯದಕ್ಕೆ ನನಗೆ ಅಳು ಬಂತು. ಆಮೇಲೆ ಇಬ್ಬರೂ ಕೂತು ಎಲ್ಲವನ್ನೂ ಮತ್ತೆ ಮಾಡಿದೆವು.

ಇನ್ನು ಆ ನಾಲ್ವರು.

ಸಂಗಪ್ಪ ಮಾಸ್ತರರು ಕನ್ನೊಳ್ಳಿಯವರು, ಅಲ್ಲಿಯ ಸಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಒಂದು ರೋಲು ಮುಗಿಸಲು ಎರಡು ತಿಂಗಳು ತೆಗೆದುಕೊಳ್ಳುವ ಮನುಷ್ಯ. ಮುದ್ದೇಬಿಹಾಳದ ಮಲ್ಲಣ್ಣ ಬಸ್ ಕಂಡಕ್ಟರ್. ಮುದ್ದೇಬಿಹಾಳದಿಂದ ತಾಳಿಕೋಟೆ ಹಾದು ಸಿಂದಗಿಗೆ ಬರುವ ಗಾಡಿ. ಒಂದು ಹೆಗಲಿಗೆ ಟಿಕೆಟಿನ ಚೀಲ, ಇನ್ನೊಂದಕ್ಕೆ ಕ್ಯಾಮೆರಾ. ಮಾಸ್ತರರು ಎರಡು ತಿಂಗಳಲ್ಲಿ ಮುಗಿಸುವ ರೋಲನ್ನು ಅವನು ತಾಳಿಕೋಟೆ ದಾಟುವುದರೊಳಗೆ ಮುಗಿಸುತ್ತಿದ್ದ. ಸುಮಿತ್ರಾ ಸಿಸ್ಟರ್ ಬಸವನ ಬಾಗೇವಾಡಿಯಲ್ಲಿ ನರ್ಸ್. ಮೆತ್ತಗೆ ಮಾತಾಡುವವರು, ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ. ನಾಲ್ಕನೆಯವರು ಇಂಡಿಯ ಶಿವಪುತ್ರಪ್ಪ, ಲಿಂಬೆ ತೋಟದವರು. ಅವರು ತೆಗೆಯುತ್ತಿದ್ದುದು ತಮ್ಮ ಲಿಂಬೆ ಗಿಡಗಳ ಫೋಟೊ ಮಾತ್ರ. ಗಿಡಕ್ಕೊಂದು ಹೆಸರಿತ್ತು.

ಇವರಾರಿಗೂ ಫೋಟೊದಿಂದ ಹೊಟ್ಟೆ ತುಂಬಬೇಕಾಗಿರಲಿಲ್ಲ. ಸಂತೋಷಕ್ಕೆ ತೆಗೆಯುವವರು. ರವಿವಾರ ಪ್ರಿಂಟ್ ಒಯ್ಯಲು ಬಂದಾಗ ಒಬ್ಬರಿಗೊಬ್ಬರು ಗುರುತಾದರು. ಮೊದಲು ಬೆಂಚಿನ ಮೇಲೆ ಕೂತು ಒಬ್ಬರ ಕವರನ್ನು ಇನ್ನೊಬ್ಬರು ನೋಡುತ್ತಿದ್ದರು. ಆಮೇಲೆ ಒಳಗೆ ಬಂದು, ನಾನು ಪ್ರಿಂಟ್ ಒಣಗಿಸಲು ಕಟ್ಟಿದ್ದ ಹಗ್ಗಕ್ಕೇ ಚಿಮಟಿ ಹಾಕಿ ತೂಗುಬಿಟ್ಟು ಮಾತಾಡತೊಡಗಿದರು. ಮಾತು ಎಂದರೆ ಜಗಳ. ಒಮ್ಮೆ ಎದುರಿನ ಚಹಾದಂಗಡಿಯವನು ಗದ್ದಲ ಕೇಳಿ ಒಳಗೆ ಇಣುಕಿ, ಯಾರ ಹೊಲದ ಪಂಚಾಯ್ತಿ ನಡೆದಿದೆ ಎಂದು ವಿಚಾರಿಸಿದ. ಹಗ್ಗದ ಮೇಲೆ ಒಂದು ಲಿಂಬೆ ಗಿಡದ ಚಿತ್ರವಿತ್ತು, ಅಷ್ಟೇ. ಅಂದಿನಿಂದ ನಮ್ಮ ಕೂಟಕ್ಕೆ ಫೋಟೊ ಪಂಚಾಯ್ತಿ ಎಂಬ ಹೆಸರೇ ನಿಂತಿತು.

ಪಂಚಾಯ್ತಿಗೆ ಒಂದು ಕಾನೂನನ್ನು ಮಾಸ್ತರರು ಮಾಡಿದರು: “ಫೋಟೊ ತಗದವರು ಬಾಯಿ ತಗೀಬಾರ್ದು.” ಉಳಿದವರು ಹೇಳುವುದೆಲ್ಲ ಮುಗಿಯುವವರೆಗೆ ಚಿತ್ರದ ಒಡೆಯ ಸುಮ್ಮನಿರಬೇಕು. ಎಲ್ಲರಿಗೂ ಒಪ್ಪಿಗೆ, ಮಲ್ಲಣ್ಣನೊಬ್ಬನನ್ನು ಬಿಟ್ಟು. ದಿನವಿಡೀ ಬಸ್ಸಿನಲ್ಲಿ ಕೂಗುವ ಬಾಯಿ ಹೇಗೆ ಸುಮ್ಮನಿದ್ದೀತು? ಕೊನೆಗೆ ಸುಮಿತ್ರಾ ಸಿಸ್ಟರ್, ಸೀಟಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕೂಡು ಎಂದು ಉಪಾಯ ಹೇಳಿದರು. ಹಾಗೇ ಕೂತ. ಅವತ್ತು ಅವನ ಚಿತ್ರದಲ್ಲಿ ಆಕಾಶ ಹೆಚ್ಚಾಯಿತು ಎಂದು ಶಿವಪುತ್ರಪ್ಪನವರು ಅಂದದ್ದೇ ತಡ, ಸಿಟ್ಟಿನ ಉಸಿರು ಸೀಟಿಯೊಳಗೆ ನುಗ್ಗಿ ಎರಡು ಸಲ ಊದಿತು. ಗೋಡೆಯಾಚೆ ಬಸ್ ಸ್ಟ್ಯಾಂಡು. ಎರಡು ಸೀಟಿ ಎಂದರೆ ಹೊರಡು ಎಂದರ್ಥ. ಅಲ್ಲಿ ನಿಂತಿದ್ದ ಆಲಮೇಲದ ಗಾಡಿ ಹೊರಟೇಬಿಟ್ಟಿತು, ಅದರ ಕಂಡಕ್ಟರ್ ಇನ್ನೂ ಚಹಾ ಕುಡಿಯುತ್ತಿದ್ದ. ಅವನು ಬಟ್ಟಲು ಬಿಸಾಕಿ ಓಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಇಷ್ಟರವರೆಗೆ ನಾನು ಬಾಗಿಲ ಹತ್ತಿರ ನಿಂತು ಕೇಳುವವಳು ಮಾತ್ರ. ಒಳಗೆ ಸೇರಿದ್ದು ಒಂದು ತಪ್ಪಿನಿಂದ.

ಮಾಸ್ತರರು ಒಂದು ರೋಲು ಕೊಟ್ಟು, ಅದರಲ್ಲಿ ಒಂದನ್ನು ದೊಡ್ಡದು ಮಾಡಲು ಹೇಳಿ ಹೋದರು. ಅವರ ತಾಯಿ ಕಣದಲ್ಲಿ ಜೋಳ ತೂರುತ್ತಿರುವ ಚಿತ್ರ. ಬುಟ್ಟಿ ತಲೆಯ ಮೇಲಕ್ಕೆ ಎತ್ತಿದ್ದಾರೆ, ಸೂರ್ಯ ಬೆನ್ನ ಹಿಂದಿದ್ದಾನೆ, ಮುಖ ಪೂರ್ತಿ ಕಪ್ಪು. ಪಾಪ, ಮಾಸ್ತರರಿಗೆ ಬೆಳಕು ತಪ್ಪಿದೆ, ಸುಧಾರಿಸಿಕೊಡೋಣ ಎಂದುಕೊಂಡೆ. ತಂತಿಗೆ ರಟ್ಟಿನ ತುಂಡು ಅಂಟಿಸಿ, ಕಾಗದದ ಮೇಲೆ ಮುಖವಿರುವ ಜಾಗಕ್ಕೆ ಬೆಳಕು ಕಡಿಮೆ ಬೀಳುವಂತೆ ಹಿಡಿದರೆ ಮುಖ ತಿಳಿಯಾಗುತ್ತದೆ. ಆ ಕೈಚಳಕ ಆಗಷ್ಟೇ ಕಲಿತಿದ್ದೆ. ಇಡೀ ಚಿತ್ರವನ್ನೂ ಒಂದಿಷ್ಟು ತಿಳಿ ಮಾಡಿದೆ. ಅಜ್ಜಿಯ ಮುಖದ ಗೆರೆಗೆರೆಯೂ ಎದ್ದು ಬಂತು. ಹಿಗ್ಗಿನಿಂದ ಹಗ್ಗಕ್ಕೆ ತೂಗುಹಾಕಿದೆ.

ರವಿವಾರ ಎಲ್ಲರೂ ಹೊಗಳಿದರು. ಮುಖ ಎಷ್ಟು ಚೊಕ್ಕ ಬಂದಿದೆ ಎಂದು ಮಲ್ಲಣ್ಣ ಅಂದ. ಕಾನೂನಿನ ಪ್ರಕಾರ ಮಾಸ್ತರರು ಸುಮ್ಮನೆ ಕೂತಿದ್ದರು. ಅವರ ಪಾಳಿ ಬಂದಾಗ ಎದ್ದು ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು.

“ಇದು ನಮ್ಮವ್ವನ ಮಾರಿ, ಖರೆ” ಎಂದರು. “ನಾ ತಗದದ್ದು ಹೊಟ್ಟು.”

ಆಗ ನೋಡಿದೆ. ಬುಟ್ಟಿಯಿಂದ ಜೋಳದ ಕಾಳು ಕೆಳಗೆ ಬೀಳುವಾಗ ಹೊಟ್ಟು ಗಾಳಿಗೆ ಹಾರಿ ಹೋಗುತ್ತದಲ್ಲ, ಅದಕ್ಕೆ ಹಿಂದಿನಿಂದ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಅದನ್ನು ಹಿಡಿಯಲು ಅವರು ಮೂರು ಸಂಜೆ ಕಣದಲ್ಲಿ ನಿಂತಿದ್ದರಂತೆ. ನಾನು ಎಲ್ಲವನ್ನೂ ತಿಳಿ ಮಾಡಿದ್ದರಿಂದ ಹೊಟ್ಟು ಬಿಳಿ ಆಕಾಶದೊಳಗೆ ಕರಗಿ ಹೋಗಿತ್ತು. ನಾನು ಹೊಟ್ಟನ್ನು ಕಸ ಎಂದೇ ತಿಳಿದಿದ್ದೆ.

ಅವರು ಪ್ರಿಂಟ್ ಮಡಚದೆ ಜೋಪಾನವಾಗಿ ಕವರಿನಲ್ಲಿ ಹಾಕಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಫಿಲ್ಮು ಇಟ್ಟುಕೊಂಡು ಕೂತೆ. ಮುಖವನ್ನು ಅದರ ಪಾಡಿಗೆ ಬಿಟ್ಟೆ, ಹಿಂದಿನ ಆಕಾಶಕ್ಕೂ ಹೊಲಕ್ಕೂ ಬೆಳಕು ಹೆಚ್ಚು ಕೊಟ್ಟು ಕಡು ಮಾಡುತ್ತ ಹೋದೆ. ಕಾಗದ ಹಾಳಾಗುತ್ತಿದ್ದರೂ ಮಾಮಾ ತಡೆಯಲಿಲ್ಲ. ಎಂಟನೆಯ ಕಾಗದದಲ್ಲಿ, ಕೆಂಪು ದೀಪದ ಕೆಳಗೆ, ಹೊಟ್ಟು ಒಂದೊಂದೇ ಎಳೆಯಾಗಿ ಮೇಲೆದ್ದಿತು. ಅಜ್ಜಿಯ ಸುತ್ತ ಬೆಳಕಿನ ತೆರೆ ಬಿಟ್ಟ ಹಾಗೆ. ಮಾಮಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ಈಗ ಆತು” ಎಂದರು. ಮೂವತ್ತನಾಲ್ಕು ವರ್ಷದಲ್ಲಿ ಅವರು ನನ್ನ ಕೆಲಸಕ್ಕೆ ಹಾಗೆ ಅಂದದ್ದು ಒಂದು ಹತ್ತು ಸಲ ಇರಬಹುದು.

ಮುಂದಿನ ಪಂಚಾಯ್ತಿಯಲ್ಲಿ ಎರಡೂ ಪ್ರಿಂಟ್ ಅಕ್ಕಪಕ್ಕ ತೂಗಿದವು. ಶಿವಪುತ್ರಪ್ಪನವರಿಗೆ ಮುಖ ಕಾಣುವುದೇ ಬೇಕು, ತಾಯಿಯ ಫೋಟೊದಲ್ಲಿ ತಾಯಿ ಕಾಣದಿದ್ದರೆ ಹೇಗೆ ಎಂದರು. ಸುಮಿತ್ರಾ ಸಿಸ್ಟರ್, ಮುಖ ಕಾಣದಿದ್ದರೂ ದುಡಿದದ್ದು ಕಾಣುತ್ತದೆ ಎಂದರು. ಮಾಸ್ತರರು ಮಾತ್ರ ನನ್ನ ಕಡೆ ತಿರುಗಿ, ಹಿಂಬದಿಗೆ ಎಷ್ಟು ಸೆಕೆಂಡ್ ಹೆಚ್ಚು ಬೆಳಕು ಕೊಟ್ಟೆ ಎಂದು ಕೇಳಿ ವಹಿಯಲ್ಲಿ ಬರೆದುಕೊಂಡರು. ಆಮೇಲೆ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಅಂದಿನಿಂದ ನಾನೂ ಪಂಚಾಯ್ತಿಯಲ್ಲಿ ಕೂತೆ. ಅಂದಿನಿಂದಲೇ ರೋಲು ಕೊಡುವವರಿಗೆಲ್ಲ, ‘ನೀವು ತೆಗೆದದ್ದು ಏನು?’ ಎಂದು ಕೇಳಿ ಕವರಿನ ಮೇಲೆ ಬರೆದುಕೊಳ್ಳತೊಡಗಿದೆ. ಹೊಸ ಹುಡುಗಿಯರಿಗೆ ನಾನು ಹೇಳುವ ಕೆಲಸದ ಗುಟ್ಟು ಇದೊಂದೇ. ಎದುರಿಗೆ ಕಾಣುವುದನ್ನೇ ಅವರು ತೆಗೆದಿದ್ದಾರೆ ಎಂದು ತಿಳಿಯಬೇಡಿ, ಕೇಳಿ.

ಆಮೇಲೆ ಕಲರ್ ಮಷೀನು ಬಂತು. ಕೋಣೆಯಷ್ಟು ದೊಡ್ಡದು. ಒಂದು ಕಡೆ ರೋಲು ಕೊಟ್ಟರೆ ಇನ್ನೊಂದು ಕಡೆ ಒಣಗಿದ ಫೋಟೊ ಉದುರುತ್ತಿದ್ದವು. ಬಣ್ಣವನ್ನು ತಾನೇ ಸರಿ ಮಾಡುತ್ತದೆ ಎಂದು ಅದನ್ನು ಕೂರಿಸಲು ಬಂದವರು ಹೇಳಿಹೋದರು. ನಾನೂ ನಂಬಿದೆ.

ಮಲ್ಲಣ್ಣನಿಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿಯ ಹೆಸರು ನೀಲವ್ವ. ಅವಳನ್ನು ತಾಳಿಕೋಟೆಯ ಹತ್ತಿರ ಸೂರ್ಯಕಾಂತಿ ಹೊಲದಲ್ಲಿ ನಿಲ್ಲಿಸಿ ಒಂದು ರೋಲು ಪೂರ್ತಿ ತೆಗೆದು ತಂದ. ಮಷೀನು ಆ ಹಳದಿಯನ್ನು ನೋಡಿ, ಹಳದಿ ವಿಪರೀತವಾಯಿತು ಎಂದು ತನ್ನ ಬುದ್ಧಿ ಓಡಿಸಿ ನೀಲಿ ಬೆರೆಸಿತು. ಹೊಲ ಸಪ್ಪಗಾಯಿತು. ನೀಲವ್ವ ನೀಲಿಯಾದಳು. ನಾನು ಗದ್ದಲದಲ್ಲಿ ಒಂದನ್ನೂ ತೆರೆದು ನೋಡದೆ ಕವರಿಗೆ ಹಾಕಿ ಕೊಟ್ಟುಬಿಟ್ಟೆ.

ಮೂರನೆಯ ದಿನ ಹಸಿರು ಇಲಕಲ್ ಸೀರೆಯುಟ್ಟ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದು, ಸೆರಗು ಸರಿಸಿ, ಮುಖವನ್ನು ಗಾಜಿನ ಮೇಜಿನ ಮೇಲೆ ಬಗ್ಗಿಸಿ ನಿಂತಳು. ಹಿಂದೆ ಮಲ್ಲಣ್ಣ, ಎಂದೂ ಇಲ್ಲದಷ್ಟು ಸುಮ್ಮನೆ.

“ಅಕ್ಕಾರ, ನನ್ನ ಸರಿಯಾಗಿ ನೋಡ್ರಿ” ಎಂದಳು. “ಹೆಸರು ನೀಲವ್ವ ಅಂತ ಇಟ್ಟಾರ, ಬಣ್ಣ ಅಲ್ಲ. ಫೋಟೊ ನೋಡಿ ನಮ್ಮತ್ತಿ ದವಾಖಾನಿಗೆ ನಡಿ ಅನ್ನಾಕತ್ತಾರ.”

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಗ ಮಲ್ಲಣ್ಣನಿಗೆ ಜೀವ ಬಂತು. ಅವಳನ್ನು ಮಷೀನಿನ ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವಳ ಕೆನ್ನೆ ನೋಡುತ್ತ ನೋಡುತ್ತ ಬಣ್ಣ ತಿದ್ದಿದೆ. ಒಂದು ಪ್ರಿಂಟ್ ಹೊರಬಂದಾಗ ಅವಳೇ ಕೈಯೆತ್ತಿ ಪಕ್ಕಕ್ಕೆ ಹಿಡಿದು, ಇನ್ನೊಂದು ಸ್ವಲ್ಪ ಕಪ್ಪು ಮಾಡಿ, ನಾನು ಇಷ್ಟು ಬೆಳ್ಳಗಿಲ್ಲ ಎಂದಳು. ಫೋಟೊದಲ್ಲಿ ತನ್ನನ್ನು ಕಪ್ಪು ಮಾಡು ಎಂದ ಗಿರಾಕಿಯನ್ನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಮುಂದೆ ನೀಲವ್ವ ಪಂಚಾಯ್ತಿಗೆ ಗಂಡನ ಜೊತೆ ಬರತೊಡಗಿದಳು. ಬರುವಾಗ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ಗಂಡನ ಚಿತ್ರಗಳನ್ನು ಅವಳಷ್ಟು ಖಾರವಾಗಿ ಯಾರೂ ಟೀಕಿಸಲಿಲ್ಲ.

ನಮ್ಮ ಚಿತ್ರಗಳನ್ನು ಹೊರಗಿನವರಿಗೂ ತೋರಿಸಬೇಕು ಎಂಬ ಆಸೆ ಎಲ್ಲರಿಗೂ ಹುಟ್ಟಿತು. ಮಾಸ್ತರರು ರಜೆಯ ದಿನ ಕನ್ನೊಳ್ಳಿ ಸಾಲೆಯ ಪಡಸಾಲೆ ಕೇಳಿ ಒಪ್ಪಿಸಿದರು. ಹಗ್ಗ ಕಟ್ಟಿ ನಲವತ್ತು ಪ್ರಿಂಟ್ ತೂಗುಹಾಕಿದೆವು. ಯಾರು ಬರುತ್ತಾರೋ ಎಂಬ ಅಳುಕಿತ್ತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಬಂತು.

ಮಲ್ಲಣ್ಣನ ಹೆಮ್ಮೆಯ ಚಿತ್ರ ಒಂದಿತ್ತು. ಮುಂಜಾನೆಯ ಧೂಳಿನಲ್ಲಿ ರಸ್ತೆ ದಾಟುವ ಕುರಿ ಹಿಂಡು. ನಮ್ಮ ಪಂಚಾಯ್ತಿ ಅದರ ಬೆಳಕು, ಧೂಳು, ನೆರಳು ಎಲ್ಲ ಮಾತಾಡಿ ಒಂದೂ ಕೊರತೆ ಕಾಣದೆ ಕೈಬಿಟ್ಟಿತ್ತು. ಕಂಬಳಿ ಹೊದ್ದ ಕುರುಬರ ಹಿರಿಯರೊಬ್ಬರು ಅದರ ಮುಂದೆ ಬಂದು ನಿಂತರು. ಬಹಳ ಹೊತ್ತು ನೋಡಿ, “ಈ ಮೂರನೇದಕ್ಕ ಕಾಲಬ್ಯಾನಿ ಐತಿ, ಯಾರೂ ನೋಡಿಲ್ಲೇನು?” ಎಂದರು. ನಾವೆಲ್ಲ ಬಗ್ಗಿ ನೋಡಿದೆವು. ಹೌದು, ಆ ಕುರಿ ಮುಂಗಾಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿದಿತ್ತು. ಮಲ್ಲಣ್ಣ ಆ ಚಿತ್ರವನ್ನು ಒಂದು ವರ್ಷದಿಂದ ಮಂದಿಗೆ ತೋರಿಸುತ್ತಿದ್ದ.

ಮಾಸ್ತರರ ತಾಯಿಯನ್ನೂ ಕೈಹಿಡಿದು ಕರೆತಂದರು. ನೆರೆಯ ಹೆಂಗಸರು, ಮಗ ತಾಯಿಯ ಮುಖವನ್ನೇ ಕಪ್ಪು ಮಾಡಿ ಇಟ್ಟಿದ್ದಾನೆ ನೋಡು ಎಂದು ದೂರಿದರು. ಅಜ್ಜಿ ಚಿತ್ರದ ಹತ್ತಿರ ಹೋಗಿ, ಹಾರುವ ಹೊಟ್ಟನ್ನು ಬೆರಳಿನಿಂದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಿಂಬಾಲಿಸಿದರು.

“ಅವತ್ತ ಗಾಳಿ ಚಲೋ ಬಿಟ್ಟಿತ್ತು” ಎಂದರು.

ಮಾಸ್ತರರು ಮುಖ ತಿರುಗಿಸಿಕೊಂಡು ಕನ್ನಡಕ ಒರೆಸಿಕೊಂಡರು. ನಾನು ಏಳು ಕಾಗದ ಹಾಳು ಮಾಡಿದ್ದು ಸಾರ್ಥಕವಾಯಿತು ಎನಿಸಿತು.

ವರ್ಷಗಳು ಕಳೆದವು. ಡಿಜಿಟಲ್ ಕ್ಯಾಮೆರಾ ಬಂತು, ರೋಲು ನಿಂತವು. ಆಮೇಲೆ ಫೋನು ಬಂತು, ಕ್ಯಾಮೆರಾಗಳೂ ನಿಂತವು. ನಮ್ಮ ದೊಡ್ಡ ಮಷೀನಿನ ಮೇಲೆ ಬಟ್ಟೆ ಹೊದಿಸಿದೆವು. ಒಂದು ಮೂಲೆಯಲ್ಲಿ ಸಣ್ಣ ಪ್ರಿಂಟರ್ ಇಟ್ಟುಕೊಂಡು ಅರ್ಜಿ ಫೋಟೊ ಮಾಡುತ್ತ ಕೂತೆ. ಪಂಚಾಯ್ತಿ ವಾಟ್ಸಾಪಿಗೆ ಹೋಯಿತು. ಮೊದಮೊದಲು ಎಲ್ಲರಿಗೂ ಹುರುಪು. ಮುದ್ದೇಬಿಹಾಳದಿಂದ ಬಸ್ಸು ಹತ್ತದೆಯೇ ಮಲ್ಲಣ್ಣ ದಿನಕ್ಕೆ ಮೂವತ್ತು ಚಿತ್ರ ಕಳಿಸಿದ. ಶಿವಪುತ್ರಪ್ಪನವರು ಲಿಂಬೆಯ ಹೂ, ಕಾಯಿ, ಎಲೆ ಎಲ್ಲ ಕಳಿಸಿದರು. ಎಲ್ಲದರ ಕೆಳಗೂ ಹೆಬ್ಬೆರಳು. ‘ಸೂಪರ್’ ‘ಮಸ್ತ್’. ಯಾರೂ ಯಾರ ಆಕಾಶವನ್ನೂ ಹೆಚ್ಚಾಯಿತು ಅನ್ನಲಿಲ್ಲ. ಮಾಸ್ತರರು ಒಂದು ದಿನ ಏನನ್ನೂ ಹೇಳದೆ ಚಿತ್ರ ಕಳಿಸುವುದನ್ನು ನಿಲ್ಲಿಸಿದರು. ರವಿವಾರ ಬೆಂಚು ಖಾಲಿ ಬಿದ್ದಿರುತ್ತಿತ್ತು.

ಖಾದರ ಮಾಮಾ ಅವರಿಗೂ ಮೊಣಕಾಲು ನೋವು ಜಾಸ್ತಿಯಾಯಿತು. ಒಂದು ಮಧ್ಯಾಹ್ನ ನನ್ನನ್ನು ಕರೆದು, ಸ್ಟುಡಿಯೊ ಮುಚ್ಚುವ ಯೋಚನೆ ಇದೆ, ಶಹನಾಜ ನಡೆಸುತ್ತೇನೆ ಅನ್ನುತ್ತಾಳೆ, ಆದರೆ ಯಾರಿಗಾಗಿ ನಡೆಸುವುದು ಎಂದು ಕೇಳಿದರು.  ಮನೆಗೆ ಹೋಗಿ ಯೋಚಿಸಿದೆ. ಅರ್ಜಿ ಫೋಟೊ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಬೆಂಚು, ಆ ಹಗ್ಗ ಬೇರೆಲ್ಲಿ ಸಿಗಬೇಕು?

ಮರುದಿನ ವಾಟ್ಸಾಪಿನಲ್ಲಿ ಎರಡು ವರ್ಷದ ಚಿತ್ರಗಳನ್ನೆಲ್ಲ ಹಿಂದಕ್ಕೆ ತಳ್ಳುತ್ತ ಹೋದೆ. ನಾಲ್ಕು ದಿನ ಹಿಡಿಯಿತು. ನಾಲ್ವರದೂ ಒಂದೊಂದು ಆರಿಸಿ ದೊಡ್ಡದಾಗಿ ಪ್ರಿಂಟ್ ತೆಗೆದೆ. ಅಂಚು ಕತ್ತರಿಸಿ, ಹಗ್ಗಕ್ಕೆ ತೂಗುಹಾಕಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನು ಮಾಡಿದೆ. ನಿಮ್ಮ ಒಂದು ಫೋಟೊ ಪ್ರಿಂಟ್ ಮಾಡಿದೆ, ಏನೋ ತಪ್ಪಾಗಿದೆ, ರವಿವಾರ ಬಂದು ನೋಡಿ ಎಂದೆ. ಸುಳ್ಳು. ಆದರೆ ನಾನು ತಪ್ಪು ಮಾಡಿದ್ದೇನೆ ಎಂದರೆ ನಂಬದವರು ಅವರಲ್ಲಿ ಯಾರೂ ಇರಲಿಲ್ಲ.

ನಾಲ್ವರೂ ಬಂದರು. ಮಲ್ಲಣ್ಣ ನಿವೃತ್ತನಾಗಿದ್ದ, ಹೊಟ್ಟೆ ಬಂದಿತ್ತು, ನೀಲವ್ವನ ಕೈಯಲ್ಲಿ ರೊಟ್ಟಿಯ ಗಂಟಿತ್ತು. ಮಾಸ್ತರರು ಕೋಲು ಊರಿಕೊಂಡು ಬಂದರು. ಯಾವ ಫೋಟೊ, ಏನು ತಪ್ಪು ಎಂದು ಎಲ್ಲರೂ ಒಂದೇ ಸಲ ಕೇಳತೊಡಗಿದರು. ನಾನು ಒಳಗಿನ ಕೋಣೆಯ ಬಾಗಿಲು ತೆರೆದೆ.

ಎಲ್ಲರೂ ಒಳಗೆ ಬಂದರು. ಶಿವಪುತ್ರಪ್ಪನವರು ಮೊದಲ ಚಿತ್ರದ ಮುಂದೆ ನಿಂತರು. ಮಳೆ ನಿಂತ ಮೇಲೆ ಲಿಂಬೆ ಗಿಡದ ಮುಳ್ಳಿನ ತುದಿಗೆ ಒಂದು ಹನಿ, ಆ ಹನಿಯಲ್ಲಿ ತಲೆಕೆಳಗಾಗಿ ಇಡೀ ತೋಟ. ಅವರು ಕನ್ನಡಕ ಏರಿಸಿ, ಇಳಿಸಿ ನೋಡಿದರು.

“ಇದ್ಯಾರದರಿ? ಭಾರಿ ತಗದಾರ.”

“ನಿಮ್ಮದ ಐತಿ ಕಾಕಾ” ಎಂದಳು ನೀಲವ್ವ. “ನಮ್ಮವರು ಇದಕ್ಕ ಹೆಬ್ಬಟ್ಟು ಒತ್ತ್ಯಾರ. ನೋಡಿ ಒತ್ತಿಲ್ಲ, ಸುಮ್ನ ಒತ್ತ್ಯಾರ.”

ಅವರು ತೆಗೆದು, ಕಳಿಸಿ, ಮರೆತೇಬಿಟ್ಟಿದ್ದರು. ಮಲ್ಲಣ್ಣ ತನ್ನ ಚಿತ್ರದ ಮುಂದೆ ನಿಂತು, ಇದನ್ನು ನಾನು ತೆಗೆದ ನೆನಪೇ ಇಲ್ಲ ಎಂದ. ಸುಮಿತ್ರಾ ಸಿಸ್ಟರ್ ತೆಗೆದದ್ದು ಹೊಸ ಕೂಸನ್ನು ಇಸಿದುಕೊಳ್ಳಲು ಚಾಚಿದ ಒಬ್ಬ ಅಜ್ಜಿಯ ಎರಡು ಕೈ, ಕೂಸು ಇನ್ನೂ ಚಿತ್ರದೊಳಗೆ ಬಂದಿಲ್ಲ. ಮಾಸ್ತರರು ಅದರ ಮುಂದೆ ಕೋಲು ಊರಿ ನಿಂತು, ಎಡಗಡೆ ಅರ್ಧ ಇಂಚು ಹೆಚ್ಚಾಗಿದೆ ಎಂದರು. ಇಲ್ಲ, ಅಲ್ಲಿಂದಲೇ ಕೂಸು ಬರಬೇಕು, ಜಾಗ ಬೇಕು ಎಂದು ಮಲ್ಲಣ್ಣ ಏರುದನಿಯಲ್ಲಿ ಅಂದ. ಶುರುವಾಯಿತು. ಎದುರಿನ ಚಹಾದಂಗಡಿ ಈಗ ಆ ಮನುಷ್ಯನ ಮಗನದು. ಅವನೂ ಇಣುಕಿ ನೋಡಿ ಹೋದ. ಸಂಜೆಯ ಬಸ್ಸಿನವರೆಗೆ ಯಾರೂ ಏಳಲಿಲ್ಲ. ಏಳುವಾಗ ಮಾಸ್ತರರು, ತಪ್ಪು ಏನಾಗಿತ್ತು ಎಂದು ಹೇಳಲೇ ಇಲ್ಲವಲ್ಲ ಎಂದು ನನ್ನನ್ನು ಕೇಳಿದರು. ಎರಡು ವರ್ಷ ಯಾರೂ ನೋಡದೆ ಬಿದ್ದಿದ್ದವು, ಅದೇ ತಪ್ಪು ಎಂದೆ.

ಮಾಮಾ ಹೊರಗಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ. ಮರುವಾರ ಅಂಗಡಿಯ ಬೀಗದ ಕೈ ಸೊಸೆಗೆ ಕೊಟ್ಟರು. ದೊಡ್ಡ ಮಷೀನು ಹೊರಗೆ ಹೋಗಿ, ಆ ಜಾಗಕ್ಕೆ ಇನ್ನೊಂದು ಬೆಂಚು ಬಂತು. ಈಗ ಪಂಚಾಯ್ತಿಗೆ ತಿಂಗಳಿಗೊಮ್ಮೆ ಒಬ್ಬರು ಒಂದೇ ಚಿತ್ರ ತರಬೇಕು, ಕಾಗದದ ಮೇಲೆಯೇ ತರಬೇಕು. ಆಲಮೇಲದಿಂದ, ತಾಳಿಕೋಟೆಯಿಂದ ಹೊಸಬರು ಸೇರಿದ್ದಾರೆ. ಹೆಬ್ಬೆರಳು ತೋರಿಸಿದವರು ಎಲ್ಲರಿಗೂ ಚಹಾ ಕುಡಿಸಬೇಕು.

ನಾನು ಕೆಲಸ ಬಿಡುವ ತಿಂಗಳು ಬಂತು. ಹಾರ ಹಾಕುತ್ತಾರೆ, ನಾಲ್ಕು ಮಾತಾಡುತ್ತಾರೆ ಎಂದುಕೊಂಡಿದ್ದೆ. ಅದರ ಬದಲು ಸುಮಿತ್ರಾ ಸಿಸ್ಟರ್, ಈ ಸಲ ಹಗ್ಗದ ಮೇಲೆ ನಿಮ್ಮ ಒಂದೇ ಚಿತ್ರ ಇರಬೇಕು, ಬೇರೆ ಯಾರೂ ತರುವುದಿಲ್ಲ ಎಂದು ತೀರ್ಮಾನ ಹೇಳಿದರು.  ಅಷ್ಟು ವರ್ಷ ಮಂದಿಯ ಚಿತ್ರದ ಹುಳುಕು ಹೇಳಿದವಳು ನಾನು. ಒಂದು ವಾರ ಫೋನು ಹಿಡಿದು ಅಲೆದೆ. ಕೆರೆಗೆ ಹೋದೆ, ಸಂತೆಗೆ ಹೋದೆ, ಯಾವುದೂ ಮನಸ್ಸಿಗೆ ಬರಲಿಲ್ಲ. ಕೊನೆಗೆ ಒಂದು ಮುಂಜಾನೆ ನಮ್ಮನೆಯವರು ಅಂಗಳದ ಬೇವಿನ ಗಿಡಕ್ಕೆ ಕನ್ನಡಿ ನೇತುಹಾಕಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಮುಖದ ತುಂಬ ಬಿಳಿ ನೊರೆ, ಕನ್ನಡಿಯಲ್ಲಿ ಅದರದೇ ಅರ್ಧ. ಬೇವಿನ ಎಲೆಯ ನೆರಳು ನೊರೆಯ ಮೇಲೆ ಆಡುತ್ತಿತ್ತು. ತೆಗೆದೆ. ನಾನೇ ಪ್ರಿಂಟ್ ಮಾಡಿದೆ.

ರವಿವಾರ ಹಗ್ಗಕ್ಕೆ ಆ ಒಂದೇ ಚಿತ್ರ ತೂಗಿತು. ನಾನು ಬೆಂಚಿನ ತುದಿಯಲ್ಲಿ ಕೈ ಕಟ್ಟಿಕೊಂಡು ಕೂತೆ. ವಿದಾಯದ ದಿನ ಎಂದು ಯಾರೂ ರಿಯಾಯಿತಿ ತೋರಿಸಲಿಲ್ಲ. ಕನ್ನಡಿ ಓರೆಯಾಗಿದೆ ಎಂದರು. ಗಿಡದ ಕೊಂಬೆ ತಲೆಯಿಂದ ಹೊರಟಂತಿದೆ ಎಂದರು. ನೆರಳಿಗಾಗಿ ತೆಗೆದದ್ದೋ, ನೊರೆಗಾಗಿ ತೆಗೆದದ್ದೋ ತಿಳಿಯುವುದಿಲ್ಲ ಎಂದು ಮಲ್ಲಣ್ಣ ವಾದಿಸಿದ. ಪೂರ್ತಿ ಒಂದು ತಾಸು ನಡೆಯಿತು. ಅಷ್ಟು ಹೊತ್ತು ಅವರು ನನ್ನ ಚಿತ್ರದ ಮೇಲೆ ಜಗಳಾಡಿದ್ದು ನೋಡಿ, ಯಾವ ಹಾರವೂ ಕೊಡದ ಸುಖ ನನಗಾಯಿತು.

ಕೊನೆಗೆ ಮಾಸ್ತರರು ಎದ್ದು ಕನ್ನಡಿಯ ಮೂಲೆಗೆ ಬೆರಳಿಟ್ಟರು.

“ಇಲ್ಲಿ ಒಬ್ಬಾಕಿ ನಗಾಕತ್ತಾಳ. ನೋಡೀರೇನು ಕಸ್ತೂರಿಬಾಯಿ?”

ಹತ್ತಿರ ಹೋಗಿ ಬಗ್ಗಿದೆ. ಗಂಡನ ನೊರೆಯ ಕೆನ್ನೆಯಾಚೆ, ಕನ್ನಡಿಯ ಅಂಚಿನಲ್ಲಿ, ಉಗುರಿನಷ್ಟು ಗಾತ್ರದಲ್ಲಿ ನಾನಿದ್ದೆ. ಅರ್ಧ ಮುಖಕ್ಕೆ ಫೋನು ಅಡ್ಡ ಬಂದಿತ್ತು, ಉಳಿದ ಅರ್ಧ ಹಲ್ಲು ಕಾಣುವಂತೆ ನಗುತ್ತಿತ್ತು. ತೆಗೆಯುವಾಗ ಕಂಡಿರಲಿಲ್ಲ. ಪ್ರಿಂಟ್ ಮಾಡುವಾಗಲೂ ಕಂಡಿರಲಿಲ್ಲ.

“ಫೋನು ಒಂಚೂರು ಕೆಳಗ ಹಿಡದು ಇನ್ನೊಮ್ಮೆ ತಗೀರಿ” ಎಂದರು ಮಾಸ್ತರರು. ಅಷ್ಟೇ ತೀರ್ಪು. ಪಂಚಾಯ್ತಿ ಮುಗಿಯಿತು.

ಮರುದಿನ ಬಿಸಿಲು ಬೇವಿನ ಗಿಡದ ಅಡಿಗೆ ಬರುವ ಹೊತ್ತಿಗೆ ನಮ್ಮನೆಯವರ ಮುಂದೆ ಬಿಸಿನೀರು, ಸಾಬೂನು, ಬ್ರಷ್ ಇಟ್ಟೆ. ಅವರು ನುಣ್ಣಗಿದ್ದ ಕೆನ್ನೆ ಸವರಿಕೊಂಡು, “ನಿನ್ನಿನ ಮಾಡಿಕೊಂಡೇನಲ್ಲ” ಎಂದರು. ಸುಮ್ಮನೆ ನೊರೆ ಹಚ್ಚಿಕೊಳ್ಳಿ, ಕನ್ನಡಿ ನಾನು ನೆಟ್ಟಗೆ ಕಟ್ಟುತ್ತೇನೆ ಎಂದೆ. ಅವರು ಏನೋ ಗೊಣಗುತ್ತ ಬ್ರಷ್ ನೀರಿಗೆ ಅದ್ದಿದರು.